ಬೂದಿ ತುಂಬಿದ ಎರಡು ತೊಟ್ಟಿಗಳು

ವಿಲ್ಫ್ ಗಾರ್ಸೈಡ್ ತನ್ನ ಜೀವಮಾನದಲ್ಲಿ ಹೇಳಿದ ದೊಡ್ಡ ಸುಳ್ಳು ಒಂದೇ. ಅದನ್ನೂ ಬಾಯಿಬಿಟ್ಟು ಹೇಳಲಿಲ್ಲ, ಪುರಸಭೆಯ ಕಾಗದದ ಮೇಲೆ ರುಜು ಹಾಕಿ ಹೇಳಿದ. ಆ ಸುಳ್ಳಿನ ದೆಸೆಯಿಂದ ಇವತ್ತು ನಮ್ಮ ಆಕ್‌ರಾಯ್ಡ್ ಊರಿನ ಕಾಲುವೆ ಬೀದಿಯಲ್ಲಿ ಹನ್ನೆರಡು ಅಂಗಡಿಗಳು ಬಾಗಿಲು ತೆರೆದು ಕೂತಿವೆ. ಅವುಗಳಲ್ಲೊಂದು ನನ್ನದು, ಮೀನು ಮತ್ತು ಆಲೂಗಡ್ಡೆ ಕರಿದು ಕೊಡುವ ಅಂಗಡಿ. ಹಾಗಾಗಿ ಅವನ ಕತೆ ಹೇಳುವ ಹಕ್ಕು ಉಳಿದವರಿಗಿಂತ ನನಗೇ ಹೆಚ್ಚು ಎಂದು ನಾನೇ ತೀರ್ಮಾನಿಸಿದ್ದೇನೆ. ಒಪ್ಪದವರು ಅಂಗಡಿಗೆ ಬಂದು ಜಗಳ ಆಡಬಹುದು. ಸೋಮವಾರ ಮಾತ್ರ ರಜ.

ವಿಲ್ಫ್ ಎತ್ತರದ ಆಳು, ಸ್ವಲ್ಪ ಬಾಗಿದ ಬೆನ್ನು. ಮಲಗುವಾಗಲಾದರೂ ಟೋಪಿ ತೆಗೆಯುತ್ತಾನೋ ಇಲ್ಲವೋ ಎಂದು ಬೀದಿಯವರಿಗೆ ಅನುಮಾನವಿತ್ತು. ಮಾತಿನಲ್ಲಿ ಮಹಾ ಜಿಪುಣ. ಹೂಂ ಎನ್ನಬೇಕಾದ ಕಡೆ ತಲೆಯಾಡಿಸಿ ಮುಗಿಸಿಬಿಡುತ್ತಿದ್ದ. ಅವನು ಹುಟ್ಟಿದ್ದು ನಮ್ಮ ಬೀದಿಯ ಕೆಳತುದಿಯಲ್ಲಿ, ಲಾಕಿನ ಪಕ್ಕದ ಮನೆಯಲ್ಲಿ. ಲಾಕ್ ಎಂದರೆ ಎರಡು ತುದಿಗೂ ಭಾರಿ ಮರದ ಬಾಗಿಲಿರುವ ಕಲ್ಲಿನ ತೊಟ್ಟಿ. ದೋಣಿಯನ್ನು ಒಳಗೆ ಬಿಟ್ಟುಕೊಂಡು ನೀರು ತುಂಬಿಸಿದರೆ ದೋಣಿ ಮೇಲೇರುತ್ತದೆ, ನೀರು ಬಿಟ್ಟರೆ ಇಳಿಯುತ್ತದೆ. ನಮ್ಮದು ಗುಡ್ಡದ ಊರು, ಒಂದೇ ಬೀದಿಯಲ್ಲಿ ಮೂರು ತೊಟ್ಟಿಗಳಿದ್ದವು. ಮೇಲಿನದು, ನಡುವಿನದು, ಕೆಳಗಿನದು. ಯಾರ್ಕ್‌ಶೈರಿನ ಉಣ್ಣೆ ಗಿರಣಿಗಳಿಗೆ ಕಲ್ಲಿದ್ದಲು ತರಲೆಂದು ಇನ್ನೂರು ವರ್ಷಗಳ ಹಿಂದೆ ಕಟ್ಟಿದವು. ಅವುಗಳ ಉಸ್ತುವಾರಿ ವಿಲ್ಫ್‌ನ ಅಪ್ಪ ಹರ್ಬರ್ಟನದು. ದಿನಕ್ಕೊಮ್ಮೆ ದಡದ ಉದ್ದಕ್ಕೂ ನಡೆದು ಎಲ್ಲಿ ನೀರು ಸೋರುತ್ತಿದೆ ಎಂದು ನೋಡುತ್ತಿದ್ದ. ಸೋರಿದ ಕಡೆ ಜೇಡಿಮಣ್ಣು ಸುರಿದು, ಬೂಟುಗಾಲಿನಲ್ಲಿ ತುಳಿದು ತುಳಿದು ಗಟ್ಟಿ ಮಾಡುತ್ತಿದ್ದ. ವಿಲ್ಫ್ ನಡಿಗೆ ಕಲಿತದ್ದೂ, ಕೆಲಸ ಕಲಿತದ್ದೂ ಆ ಕೆಸರಿನಲ್ಲೇ.

ಎರಡನೇ ಮಹಾಯುದ್ಧದ ಹೊತ್ತಿಗೆ ದೋಣಿಗಳು ನಿಂತವು. ಲಾರಿಗಳು ಬಂದಿದ್ದವು, ಕಾಲುವೆ ಯಾರಿಗೂ ಬೇಡವಾಯಿತು. ನಾನು ಸೊಸೆಯಾಗಿ ಈ ಬೀದಿಗೆ ಬಂದಾಗ ಅದರಲ್ಲಿದ್ದದ್ದು ಹಸಿರು ಪಾಚಿ, ಮುರಿದ ಸೈಕಲ್ಲು, ಸತ್ತ ಬೆಕ್ಕು. ಬೇಸಿಗೆಯಲ್ಲಿ ಆ ವಾಸನೆಗೆ ಗಿರಾಕಿಗಳು ಮೂಗು ಮುಚ್ಚಿಕೊಂಡು ಸಾಲು ನಿಲ್ಲುತ್ತಿದ್ದರು. ಅದನ್ನು ಮುಚ್ಚಿ ಕಾರು ನಿಲ್ಲಿಸುವ ಜಾಗ ಮಾಡೋಣವೇ ಎಂದು ಪುರಸಭೆ ಕೇಳಿದಾಗ ಮೊದಲು ಕೈ ಎತ್ತಿದವರಲ್ಲಿ ನಾನೂ ಒಬ್ಬಳು. ಈಗ ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಎತ್ತಿದ್ದು ಎತ್ತಿದ್ದೇ.

ಅದು ಸಾವಿರದ ಒಂಬೈನೂರ ಅರವತ್ತೆರಡು. ವಿಲ್ಫ್ ಅಷ್ಟರಲ್ಲಿ ಪುರಸಭೆಯ ಕಾಮಗಾರಿ ಇಲಾಖೆಯಲ್ಲಿ ಮೇಸ್ತ್ರಿಯಾಗಿದ್ದ. ತೊಟ್ಟಿಗಳನ್ನು ಮುಚ್ಚುವ ಕೆಲಸ ಅವನಿಗೇ ಬಂತು. ಆದೇಶ ಹೀಗಿತ್ತು: ಮೂರೂ ತೊಟ್ಟಿಗಳ ಗೋಡೆಗಳನ್ನು ಮೇಲಿನಿಂದ ನಾಲ್ಕಡಿ ಒಡೆದು, ಆ ಕಲ್ಲನ್ನೇ ಒಳಗೆ ಉರುಳಿಸಿ, ಮೇಲೆ ಜಲ್ಲಿ ತುಂಬಿ ಸಮ ಮಾಡಬೇಕು. ಒಡೆಯುವ ಕೆಲಸಕ್ಕೆ ಬೇರೆಯಾಗಿ ಕೂಲಿ. ವಿಲ್ಫ್ ಮತ್ತು ಮೂವರು ಆಳುಗಳು ವಸಂತಕಾಲ ಪೂರ್ತಿ ದುಡಿದರು. ಕೊನೆಗೆ 'ಮೂರೂ ಒಡೆದಿದೆ' ಎಂಬ ಕಾಗದಕ್ಕೆ ವಿಲ್ಫ್ ರುಜು ಹಾಕಿದ. ಆ ಕೂಲಿಯಲ್ಲಿ ಅವನ ಹೆಂಡತಿ ನೋರಾಗೆ ಬಟ್ಟೆ ಒಗೆಯುವ ಮಿಶಿನ್ನು ಬಂತು. ಬೀದಿಗೆ ಮೊದಲನೆಯದು! ನೋರಾ ಆರು ತಿಂಗಳು ಕಿಟಕಿ ಪರದೆ ಸರಿಸಿಟ್ಟು ಅದನ್ನು ನಮಗೆಲ್ಲ ತೋರಿಸಿದಳು. ನಮ್ಮ ಹೊಟ್ಟೆ ಉರಿದದ್ದು ಅಷ್ಟಿಷ್ಟಲ್ಲ.

ಆಮೇಲೆ ಕಾರುಗಳು ಬಂದು ನಿಂತವು. ಕೆಲವು ವರ್ಷ ಅಷ್ಟೆ. ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಕಾರುಗಳೂ ಬರುವುದನ್ನು ನಿಲ್ಲಿಸಿದವು. ನನ್ನ ಗಂಡ ತೀರಿಕೊಂಡ ವರ್ಷ ಬೀದಿಯಲ್ಲಿ ಹದಿನಾಲ್ಕು ಅಂಗಡಿಗಳಿದ್ದವು. ಹತ್ತು ವರ್ಷಗಳ ನಂತರ ನಾಲ್ಕು. ಅರ್ಥಶಾಸ್ತ್ರ ನನಗೆ ಬರುವುದಿಲ್ಲ, ನನ್ನ ಅಳತೆಗೋಲು ಆಲೂಗಡ್ಡೆ. ಮೊದಲು ವಾರಕ್ಕೆ ಒಂಬತ್ತು ಮೂಟೆ ಸುಲಿಯುತ್ತಿದ್ದವಳು ಮೂರಕ್ಕೆ ಬಂದಿದ್ದೆ. ಆ ಮೂರರಲ್ಲೂ ಅರ್ಧ ಮೊಳಕೆ ಬಂದು ಹಾಳಾಗುತ್ತಿತ್ತು.

ಈ ನಡುವೆ ಕಾಲುವೆಯನ್ನು ಮತ್ತೆ ತೆರೆಸಬೇಕೆಂದು ಒಂದು ಸಂಘ ಹುಟ್ಟಿತ್ತು. ಅದರ ಮುಖಂಡ ಕ್ಲಿಫರ್ಡ್ ಹೇಗ್, ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದ ಮೇಷ್ಟ್ರು. ಶನಿವಾರ ಬಂತೆಂದರೆ ಬೂಟು ಹಾಕಿ ಸಲಿಕೆ ಹಿಡಿದು ಹೊರಡುವವನು. ಊರ ಹೊರಗೆ ಮೈಲಿಗಟ್ಟಲೆ ಹೂಳು ತೆಗೆದರು, ಸೇತುವೆ ಸರಿಪಡಿಸಿದರು. ವಿಲ್ಫ್ ಅವರಿಗೆ ಜೇಡಿಮಣ್ಣು ತುಳಿಯುವುದು ಕಲಿಸಿದ, ಫ್ಲಾಸ್ಕಿನಲ್ಲಿ ಟೀ ಒಯ್ದು ಕೊಟ್ಟ. ಅವನೆಂದರೆ ಅವರಿಗೆ ಪ್ರಾಣ. ಆದರೆ "ಊರೊಳಗೆ, ಆ ಕಾರ್ ನಿಲ್ಲಿಸೋ ಜಾಗದ ಕೆಳಗೆ ಏನಿದೆ ವಿಲ್ಫ್?" ಎಂದು ಕೇಳಿದಾಗ ಅವನ ಉತ್ತರ ಒಂದೇ. "ಒಡೆದ ಕಲ್ಲು." ಕ್ಲಿಫರ್ಡ್ ಪುರಸಭೆಯ ಕಪಾಟಿನಿಂದ ಆ ರುಜು ಹಾಕಿದ ಕಾಗದವನ್ನೂ ಹುಡುಕಿ ತೆಗೆದ. ಬೇರೆ ಯಾರ ರುಜುವಾಗಿದ್ದರೂ ಒಂದು ಗುಂಡಿ ತೋಡಿ ನೋಡುತ್ತಿದ್ದರೇನೋ. ವಿಲ್ಫ್ ಗಾರ್ಸೈಡನ ರುಜು ಎಂದಮೇಲೆ ಮುಗಿಯಿತು, ದೇವರೇ ಹಾಕಿದ ಹಾಗೆ. ಊರಿನ ಬೆನ್ನ ಹಿಂದೆ, ಹಳೆಯ ಗ್ಯಾಸ್ ಕಾರ್ಖಾನೆ ಸುತ್ತಿಕೊಂಡು, ಹೊಳೆಯ ಪಕ್ಕದಲ್ಲಿ ಹೊಸ ದಾರಿ ತೋಡಲು ಶುರು ಮಾಡಿದರು. ಹನ್ನೆರಡು ಬೇಸಿಗೆ ತೋಡಿದರು.

ತೊಂಬತ್ತೈದರಲ್ಲಿ ದೊಡ್ಡ ನಿಧಿಯೊಂದು ದುಡ್ಡು ಕೊಡಲು ಮುಂದೆ ಬಂತು. ರೋಸ್ಲಿನ್ ಟೆಂಪೆಸ್ಟ್ ಎಂಬ ಎಂಜಿನಿಯರಮ್ಮ ಊರಿಗೆ ಬಂದಳು. ನಲವತ್ತರ ಹೆಂಗಸು, ಬೂಟಿನ ತುಂಬ ಕೆಸರು, ಊಟಕ್ಕೆ ನನ್ನ ಅಂಗಡಿ. ಒಂದು ಶುಕ್ರವಾರ ಮಧ್ಯಾಹ್ನ ಸಾಲು ಬಾಗಿಲಿನಾಚೆಗೂ ನಿಂತಿತ್ತು, ವಾರಕ್ಕೆ ಅದೊಂದೇ ದಿನ ಹಾಗೆ. ಅವಳು ಮೂಲೆಯಲ್ಲಿ ನಿಂತು ತಿನ್ನುತ್ತಿದ್ದಳು.

"ಏನಮ್ಮಾ, ನೀರು ನಮ್ಮ ಬೀದಿಗೆ ಬರುತ್ತಾ ಇಲ್ವಾ?" ಅಂದೆ.

"ಬಂದ್ರೆ ಬಹಳ ಒಳ್ಳೇದು ಎನಿಡ್. ದೋಣಿಯವರು ಅಂಗಡಿ ಇರೋ ಕಡೆ ತಾನೆ ಇಳೀತಾರೆ? ಬೀದಿ ಮೂಲಕ ಹೋದ್ರೆ ಊರಿಗೆ ಬರೋ ಲಾಭ, ಹಿಂದುಗಡೆಯಿಂದ ಹೋದ್ರೆ ಬರೋದರ ಮೂರು ಪಟ್ಟು ಅಂತ ನಮ್ಮ ಲೆಕ್ಕ. ಆದರೆ ಮೂರೂ ಲಾಕ್ ಒಡೆದುಹೋಗಿವೆ. ಹೊಸದಾಗಿ ಕಟ್ಟೋಕೆ ದುಡ್ಡಿಲ್ಲ. ಹಿಂದುಗಡೆ ದಾರಿನೇ ಗತಿ. ಮಂಗಳವಾರ ಸಭೇಲಿ ಅದನ್ನೇ ಹೇಳ್ತೀನಿ."

"ಅಂದ್ರೆ ದೋಣಿಗಳು ಗ್ಯಾಸ್ ಕಾರ್ಖಾನೆ ನೋಡ್ಕೊಂಡು ಹೋಗ್ತವೆ. ನಾವು ಇಲ್ಲಿ ಕೈ ಬೀಸೋದಾ?"

ಅವಳು ಪಾಪ, ತಲೆ ತಗ್ಗಿಸಿದಳು. ಸಾಲಿನಲ್ಲಿ ವಿಲ್ಫ್ ನಿಂತಿದ್ದ. ಅವನ ಪೊಟ್ಟಣ ಕಟ್ಟಿ ಮುಂದಿಟ್ಟೆ. ಕೈ ಚಾಚಲೇ ಇಲ್ಲ. ತಿರುಗಿ ಹೊರಟೇ ಹೋದ.

ಎರಡು ಗಂಟೆಗೆ ಒಲೆ ಆರಿಸಿ ಕಟ್ಟೆ ಒರೆಸುತ್ತಿದ್ದೆ. ಮತ್ತೆ ಬಂದ. ಟೋಪಿ ಕೈಯಲ್ಲಿತ್ತು. ಅವನ ತಲೆ ನೋಡಿದ್ದು ನಾನು ಅವತ್ತೇ ಮೊದಲು.

"ಏನು, ಮೀನಿನ ನೆನಪಾಯ್ತಾ? ಬೆಕ್ಕಿಗೆ ಹಾಕ್ದೆ."

"ಬಾಗಿಲು ಹಾಕು ಹುಡುಗಿ."

ನನಗಾಗ ಐವತ್ತೊಂಬತ್ತು. ನಮ್ಮ ಕಡೆ ಗಂಡಸರ ಬಾಯಲ್ಲಿ ಹೆಂಗಸರು ಸಾಯುವತನಕ ಹುಡುಗಿಯರೇ. "ಯಾಕೆ, ದೋಚ್ಕೊಂಡು ಹೋಗ್ತೀಯಾ? ಗಲ್ಲಾದಲ್ಲಿ ಚಿಲ್ರೆ ಬಿಟ್ರೆ ಏನಿಲ್ಲ."

"ಅವು ಒಡೆದಿಲ್ಲ, ಎನಿಡ್."

"ಯಾವುವು?"

"ತೊಟ್ಟಿಗಳು. ಮೇಲಿಂದು, ನಡುವಿಂದು. ನಾವು ಮುಟ್ಟಲಿಲ್ಲ. ಕಲ್ಲು ಹೆಂಗಿತ್ತೋ ಹಂಗೇ ಇದೆ. ಗಿರಣಿ ಬಾಯ್ಲರ್ ಬೂದಿ ತಂದು ತುಂಬ್ಸಿದ್ವಿ."

ನಾನು ಒರೆಸುವ ಬಟ್ಟೆ ಕೆಳಗಿಟ್ಟೆ. ಆ ವಸಂತದಲ್ಲಿ ಗಾಡಿ ಗಾಡಿ ಬೂದಿ ಬಂದದ್ದನ್ನು ನಾನೇ ಕಿಟಕಿಯಿಂದ ನೋಡಿದ್ದೆ. ಬಟ್ಟೆ ಒಣಹಾಕಿದರೆ ಕಪ್ಪಾಗುತ್ತದೆ ಎಂದು ಬೈದಿದ್ದೆ ಕೂಡ.

"ಬೂದಿ ಯಾಕೆ?"

"ಜಲ್ಲಿ ತುಂಬಿದ್ರೆ ಭಾರ. ಗೋಡೆ ಉಬ್ಬುತ್ತೆ. ಬೂದಿ ಹಗುರ, ನೀರು ಬಸಿದು ಹೋಗುತ್ತೆ. ನಾಳೆ ಯಾರಿಗಾದ್ರೂ ಬೇಕು ಅಂದ್ರೆ ಸಲಿಕೇಲೇ ತೆಗೀಬಹುದು. ಕಬ್ಬಿಣದ ಸಾಮಾನಿಗೆಲ್ಲ ಗ್ರೀಸ್ ಹಚ್ಚಿ ಗೋಣಿ ಸುತ್ತಿದೀವಿ." ಅವನು ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದನ್ನು ನಾನು ಕಂಡೇ ಇರಲಿಲ್ಲ.

"ಕೆಳಗಿಂದು?"

"ಅದನ್ನ ಒಡೆದ್ವಿ." ಅಷ್ಟಕ್ಕೇ ನಿಲ್ಲಿಸಿದ.

ನನಗೆ ಮೊದಲು ಸಂತೋಷವಾಗಬೇಕಿತ್ತು. ಆಗಲಿಲ್ಲ, ಮೈ ಉರಿಯಿತು. "ಮೂವತ್ಮೂರು ವರ್ಷ! ಬೀದಿ ಸಾಯ್ತಾ ಇದ್ರೆ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ಯಲ್ಲೋ! ಆ ಕ್ಲಿಫರ್ಡ್ ಹನ್ನೆರಡು ಬೇಸಿಗೆ ಗ್ಯಾಸ್ ಕಾರ್ಖಾನೆ ಹಿಂದೆ ಸೊಂಟ ಮುರ್ಕೊಂಡ. ನೀನು ಅವನಿಗೆ ಟೀ ತಗೊಂಡು ಹೋಗಿ ಕೊಟ್ಟೆ! ಟೀ!"

"ಸಕ್ಕರೆನೂ ಹಾಕಿದ್ದೆ" ಅಂದ ತಗ್ಗಿದ ದನಿಯಲ್ಲಿ.

ನಗು ಬಂತು, ಆದರೆ ಬಿಟ್ಟುಕೊಡಲಿಲ್ಲ. "ಯಾಕೆ ಹೇಳಲಿಲ್ಲ?"

"ಮೊದ್ಲು ಕೆಲಸ ಹೋಗುತ್ತೆ ಅಂತ. ಆಮೇಲೆ ಪಿಂಚಣಿ ಹೋಗುತ್ತೆ ಅಂತ. ಆಮೇಲೆ ಚಾಪೆಲ್‌ನಲ್ಲಿ ಹಿರಿಯನ್ನ ಮಾಡಿದ್ರು. ಪ್ರತಿ ವರ್ಷ ಇನ್ನೂ ಕಷ್ಟ ಆಗ್ತಾ ಹೋಯ್ತು. ಒಡೆಯೋ ಕೂಲಿ ಇಸ್ಕೊಂಡಿದೀವಿ, ಒಡೀಲಿಲ್ಲ. ಅದು ಕಳ್ಳತನ ತಾನೆ?"

"ನೋರಾಗೆ ಗೊತ್ತಾ?"

"ಆ ಮಿಶಿನ್ನು ಅದೇ ದುಡ್ಡಿಂದು" ಅಂದ.

ಅದಕ್ಕೇ ನನ್ನ ಹತ್ತಿರ ಬಂದಿದ್ದ. ಹೆಂಡತಿಗೆ ಹೇಳುವುದಕ್ಕೆ ಮುಂಚೆ ಯಾರಾದರೂ ಬೈದು ಅಭ್ಯಾಸ ಮಾಡಿಸಲಿ ಅಂತ ಇರಬೇಕು. ನಾನು ಹೇಳಿದೆ, "ನೋಡು, ಮಂಗಳವಾರ ಎದ್ದು ನಿಂತು ನೀನೇ ಹೇಳ್ಬೇಕು. ನಾನು ಹೇಳಿದ್ರೆ ಆಲೂಗಡ್ಡೆ ಮಾರೋಳ ಪುಕಾರು ಅಂತಾರೆ."

"ಹೆಸರು ಹೋಗುತ್ತೆ ಹುಡುಗಿ. ನನ್ನ ಹತ್ರ ಇರೋದು ಅದೊಂದೇ."

ಅವನು ಹೇಳಿದ್ದು ನಿಜವಾಗಿತ್ತು.

ಮಂಗಳವಾರ ಸಂಜೆ ಚಾಪೆಲಿನ, ಅಂದರೆ ನಮ್ಮ ಪುಟ್ಟ ಚರ್ಚಿನ, ಹಜಾರ ತುಂಬಿತ್ತು. ರೋಸ್ಲಿನ್ ನಕ್ಷೆ ತೋರಿಸಿ, ಲಾಭ ಎಷ್ಟು, ವೆಚ್ಚ ಎಷ್ಟು ಎಂದೆಲ್ಲ ವಿವರಿಸಿ, ಕೊನೆಗೆ ಆ ಹಳೆಯ ಕಾಗದ ಎತ್ತಿ ಹಿಡಿದು, ಬೀದಿಯ ದಾರಿ ಸಾಧ್ಯವಿಲ್ಲ ಎಂದಳು. ಮತಕ್ಕೆ ಹಾಕೋಣವೇ ಎಂದು ಅಧ್ಯಕ್ಷರು ಕೇಳಿದರು. ನಾನು ವಿಲ್ಫ್‌ನ ಬೆನ್ನಿಗೆ ಕಣ್ಣು ನೆಟ್ಟು ಕೂತಿದ್ದೆ. ಅವನು ಏಳಲಿಲ್ಲ. ಕೈಗಳು ಮೇಲೇಳತೊಡಗಿದವು. ಅಷ್ಟರಲ್ಲಿ ಬೆಂಚು ಕಿರುಗುಟ್ಟಿತು.

"ಆ ರುಜು ನಂದು. ಅದು ಸುಳ್ಳು."

ಅಧ್ಯಕ್ಷರು, "ಗಾರ್ಸೈಡ್ ಅವರೇ, ಇದು ಸಣ್ಣ ವಿಷಯ ಅಲ್ಲ. ಯೋಚಿಸಿ ಮಾತಾಡಿ" ಎಂದರು.

"ಮೂವತ್ಮೂರು ವರ್ಷ ಯೋಚ್ನೆ ಮಾಡಿದೀನಿ ಸ್ವಾಮಿ. ಸಾಕು."

ನಿಂತಲ್ಲೇ ಎಲ್ಲವನ್ನೂ ಹೇಳಿದ. ಎರಡು ಒಡೆದಿಲ್ಲ, ಒಂದು ಒಡೆದಿದೆ, ಕೂಲಿ ಮೂರಕ್ಕೂ ತಗೊಂಡಿದೀವಿ, ನನ್ನ ಆಳುಗಳದ್ದು ತಪ್ಪಿಲ್ಲ, ಅವರು ಮೂವರೂ ತೀರಿಕೊಂಡಿದ್ದಾರೆ, ಬೈಯೋದಿದ್ರೆ ನನ್ನನ್ನ ಬೈಯಿರಿ. ಕೂರಬೇಕು ಎನ್ನುವಷ್ಟರಲ್ಲಿ ಪಕ್ಕದಲ್ಲಿದ್ದ ನೋರಾ ಎದ್ದಳು. ಐದಡಿ ಇಲ್ಲದ ಹೆಂಗಸು, ದನಿ ಮಾತ್ರ ಗಿರಣಿಯ ಸೈರನ್ನು.

"ಹಾಗಾದ್ರೆ ನನ್ನ ಮಿಶಿನ್ನು?"

"ಅದೇ ದುಡ್ಡು ಕಣೇ."

"ಇಪ್ಪತ್ತು ವರ್ಷ ಅದರಲ್ಲಿ ಚಾಪೆಲ್ ಮೇಜಿನ ಬಿಳೀ ಬಟ್ಟೆ ಒಗ್ದಿದೀನಲ್ಲೋ ಪಾಪಿ!"

ಹಜಾರವೆಲ್ಲ ಗೊಳ್ಳೆಂದಿತು. ಪಾದ್ರಿಗಳೂ ಕರವಸ್ತ್ರ ಬಾಯಿಗೆ ಹಿಡಿದರು. ನಗದವನು ಒಬ್ಬನೇ, ಕ್ಲಿಫರ್ಡ್ ಹೇಗ್. ಅವನು ಎದ್ದು, ಕೋಲೂರಿಕೊಂಡು, ವಿಲ್ಫ್ ಎದುರಿಗೆ ಬಂದು ನಿಂತ. ಹೊಡೆಯುತ್ತಾನೆ ಅಂತಲೇ ನಾನು ಅಂದುಕೊಂಡೆ.

"ಹನ್ನೆರಡು ಬೇಸಿಗೆ, ವಿಲ್ಫ್."

"ಗೊತ್ತು ಕ್ಲಿಫರ್ಡ್."

ಕ್ಲಿಫರ್ಡ್ ಹೊರಗೆ ಹೋಗಿಬಿಟ್ಟ. ಮತ್ತೆ ಎರಡು ವರ್ಷ ವಿಲ್ಫ್ ಜೊತೆ ಒಂದು ಮಾತೂ ಆಡಲಿಲ್ಲ. ಅವನನ್ನು ದೂರುವುದಕ್ಕೆ ನನ್ನಿಂದಾಗದು.

ರೋಸ್ಲಿನ್ ಮತವನ್ನು ಹದಿನೈದು ದಿನ ಮುಂದಕ್ಕೆ ಹಾಕಿಸಿದಳು. "ಬಾಯಿಮಾತಿನ ಮೇಲೆ ನಕ್ಷೆ ಬದಲಾಯಿಸೋಕೆ ಆಗಲ್ಲ, ಕೊರೆದು ನೋಡ್ಬೇಕು" ಎಂದು ಮುಂದಿನ ವಾರವೇ ಯಂತ್ರ ತರಿಸಿದಳು. ಬೀದಿಯವರೆಲ್ಲ ಕೊಡೆ ಹಿಡಿದು ಸುತ್ತ ನಿಂತೆವು. ನಡುವಿನ ತೊಟ್ಟಿಯ ಆಚೆ ಬದಿಯ ಗೋಡೆ ಎಲ್ಲಿದೆ ಎಂದು ವಿಲ್ಫ್ ತೋರಿಸಬೇಕಿತ್ತು. ಅವನು ನನ್ನ ಅಂಗಡಿಯ ಮೂಲೆಗೆ ಬೆನ್ನು ಕೊಟ್ಟು ನಿಂತು, ಹದಿನಾಲ್ಕು ಹೆಜ್ಜೆ ಎಣಿಸಿ, "ಇಲ್ಲಿ" ಎಂದ. ಯಂತ್ರ ಇಳಿಯಿತು. ಮೇಲೆ ಬಂದದ್ದು ಹಳದಿ ಮಣ್ಣು, ಒಡಕು ಇಟ್ಟಿಗೆ. ಇನ್ನೂ ಇಳಿಸಿದರು, ಮತ್ತೂ ಮಣ್ಣು. ಬೂದಿಯ ಸುಳಿವಿಲ್ಲ. ಗೋಡೆಯ ಸುಳಿವೂ ಇಲ್ಲ.

ವಿಲ್ಫ್ ಅಂಗಡಿಯ ಮೂಲೆಯತ್ತ ತಿರುಗಿ ನೋಡಿದ. "ಇಲ್ಲೇ ಇತ್ತು" ಅಂದ. "ಇಲ್ಲೇ."

ಹಿಂದಿನಿಂದ ಯಾರೋ, "ಮುದುಕನಿಗೆ ಅರಳುಮರಳು" ಎಂದರು. ರೋಸ್ಲಿನ್ ಯಂತ್ರದವನಿಗೆ ಸಾಕು ಎಂದು ಸನ್ನೆ ಮಾಡಿದಳು. ಆಗ ನನಗೆ ಹೊಳೆಯಿತು ನೋಡಿ!

"ಅಯ್ಯೋ ನನ್ನ ತಲೆಗಿಷ್ಟು! ಎಪ್ಪತ್ತೊಂದರಲ್ಲಿ ಅಂಗಡಿ ಮುಂದಕ್ಕೆ ತಗೊಂಡ್ವಲ್ಲ! ಸಾಲು ನಿಲ್ಲೋಕೆ ಜಾಗ ಸಾಲ್ದು ಅಂತ ಗೋಡೆ ಆರಡಿ ಈಚೆಗೆ ಹಾಕ್ಸಿದ್ರು ನಮ್ಮೆಜಮಾನ್ರು! ವಿಲ್ಫ್, ಎರಡು ಹೆಜ್ಜೆ ಹಿಂದಕ್ಕೆ ಬಾರೋ!"

ಎರಡು ಹೆಜ್ಜೆ ಹಿಂದೆ ಇಳಿಸಿದರು. ಮಣ್ಣು ಬಂತು, ಜಲ್ಲಿ ಬಂತು, ಒಂದಡಿ ಆದಮೇಲೆ ಬಂತು ಬೂದಿ. ಕಪ್ಪಗೆ, ನುಣ್ಣಗೆ, ಮೊನ್ನೆ ತಾನೇ ಒಲೆಯಿಂದ ಗೋರಿದ ಹಾಗೆ. ಮರುದಿನ ಅಲ್ಲೇ ಸಲಿಕೆಯಲ್ಲಿ ಅಗೆದಾಗ ಅಂಚಿನ ಕಲ್ಲು ಕಾಣಿಸಿತು. ನೂರಕ್ಕೂ ಹೆಚ್ಚು ವರ್ಷ ದೋಣಿಯ ಹಗ್ಗಗಳು ಉಜ್ಜಿ ಉಜ್ಜಿ ಬಿದ್ದ ಗೀರುಗಳು ಅದರ ಮೇಲೆ ಹಾಗೇ ಇದ್ದವು. ರೋಸ್ಲಿನ್ ಮಂಡಿಯೂರಿ ಆ ಗೀರಿನೊಳಗೆ ಬೆರಳಿಟ್ಟಳು. "ಒಂದು ಕಲ್ಲೂ ಅಲುಗಿಲ್ಲ" ಅಂದಳು. ಗೋಣಿ ಬಿಚ್ಚಿದರೆ ಒಳಗೆ ಬಾಗಿಲಿನ ಹಲ್ಲುಚಕ್ರ, ಮೆತ್ತಿದ ಗ್ರೀಸು ಇನ್ನೂ ಹಳದಿಯಾಗಿತ್ತು. ನಾನು ಅತ್ತೆ. ಸುಮ್ಮನೆ ಕಣ್ಣೊರೆಸಿಕೊಂಡದ್ದಲ್ಲ, ಗಟ್ಟಿಯಾಗಿ, ಎಲ್ಲರೆದುರು ಅತ್ತೆ.

ಹದಿನೈದು ದಿನದ ಮೇಲೆ ನೀರು ಬೀದಿಗೇ ಬರಬೇಕು ಎಂದು ತೀರ್ಮಾನವಾಯಿತು. ವಿಲ್ಫ್‌ಗೂ ಅವನ ಪಾಲಿನದು ಬಂತು. ಯಾರೂ ಕೇಳುವ ಮುಂಚೆಯೇ ಚಾಪೆಲಿನ ಹಿರಿಯತನ ಬಿಟ್ಟುಕೊಟ್ಟ. ಬೇಡ ಎನ್ನುತ್ತಾರೆಂದು ನಾವಂದುಕೊಂಡಿದ್ದೆವು, ಅವರು ಒಪ್ಪಿಕೊಂಡುಬಿಟ್ಟರು. ಮುಂದಿನ ಸಾಲಿನಲ್ಲಿ ಕೂರುತ್ತಿದ್ದವನು ಕೊನೆಯ ಬೆಂಚಿಗೆ ಹೋದ. ನೋರಾ ಒಂದು ಭಾನುವಾರ ಮುನಿಸಿಕೊಂಡು ಮುಂದೆಯೇ ಕೂತಳು. ಮರುವಾರ ಪುಸ್ತಕ ಎತ್ತಿಕೊಂಡು ಹಿಂದೆ ಹೋಗಿ ಅವನ ಪಕ್ಕ ಕೂತಳು, ಆಮೇಲೆ ಎಂದೂ ಮುಂದಕ್ಕೆ ಬರಲಿಲ್ಲ. ಪುರಸಭೆ ವಿಚಾರಣೆ ನಡೆಸಿ, ಪಿಂಚಣಿ ಮುಟ್ಟುವುದಿಲ್ಲ, ಆದರೆ ತೊಟ್ಟಿಗಳಿಗೆ ಅವನ ಹೆಸರಿಡುವ ಬೀದಿಯವರ ಬೇಡಿಕೆಯನ್ನು ಒಪ್ಪಲಾಗದು ಎಂದು ಪತ್ರ ಬರೆಯಿತು. ನನಗೆ ರೇಗಿಹೋಯಿತು. ವಿಲ್ಫ್ ಮಾತ್ರ, "ಸರಿಯಾಗೇ ಇದೆ ಬಿಡು" ಅಂದ.

ಕೆಲಸ ಐದು ವರ್ಷ ಹಿಡಿಯಿತು. ಎರಡು ಕಡೆಯೂ ಮನೆಗಳಿರುವ ಬೀದಿ, ನಡುವೆ ಅಷ್ಟು ಆಳ ತೋಡಬೇಕು. ಉಕ್ಕಿನ ಹಲಗೆಗಳನ್ನು ಸುತ್ತಿಗೆಯಿಂದ ಬಡಿಯದೆ ಒತ್ತಿ ಒತ್ತಿ ನೆಲಕ್ಕಿಳಿಸುವ ಯಂತ್ರ ತಂದರು. ನನ್ನ ಕಪಾಟಿನ ಒಂದು ಲೋಟವೂ ಅಲುಗಲಿಲ್ಲ. ಹಳೆಯ ಗೋಡೆಯ ಹಿಂದಿನ ಬಿರುಕುಗಳಿಗೆ ಗಾರೆಯನ್ನು ಒತ್ತಡದಲ್ಲಿ ತುಂಬಿಸಿದರು. ಕಾಲುವೆಯ ತಳಕ್ಕೆ ಹಾಸಲು ದಪ್ಪ ಚಾಪೆಯ ಸುರುಳಿಗಳು ಬಂದವು. ವಿಲ್ಫ್ ಅದರ ಅಂಚು ಹರಿದು ಒಳಗಿನ ಪುಡಿ ನಾಲಗೆಗೆ ಮುಟ್ಟಿಸಿ ನೋಡಿದ.

"ಇದು ಜೇಡಿಮಣ್ಣ?"

"ಜೇಡಿಮಣ್ಣೇ" ಅಂದಳು ರೋಸ್ಲಿನ್. "ನೀರು ತಾಗಿದ್ರೆ ಉಬ್ಬಿ ತಾನೇ ಮುಚ್ಕೊಳ್ಳುತ್ತೆ."

"ನಾವು ವರ್ಷಗಟ್ಟಲೆ ಕಾಲು ಸವೆಸಿ ತುಳಿದಿದ್ದನ್ನ ನೀವು ಚಾಪೆ ಮಾಡಿ ಸುತ್ಕೊಂಡು ಬಂದಿದೀರಲ್ಲ ತಾಯಿ" ಅಂದ. ಅವನ ಮಟ್ಟಿಗೆ ಅದು ಸನ್ಮಾನ ಪತ್ರವೇ ಸರಿ.

ಎರಡು ತೊಟ್ಟಿಗಳು ಉಳಿದದ್ದರಿಂದ ಮಿಕ್ಕಿದ ದುಡ್ಡು ಕೆಳಗಿನದಕ್ಕೆ ಸಾಕಾಯಿತು. ಅದನ್ನು ಪೂರ್ತಿ ಹೊಸದಾಗಿ ಕಾಂಕ್ರೀಟಿನಲ್ಲಿ ಕಟ್ಟಿದರು. ಪಕ್ಕದಲ್ಲೇ ಈಗ ಹೆದ್ದಾರಿ ಕಾಲುವೆಯನ್ನು ದಾಟುತ್ತದೆ, ದೋಣಿ ಅದರಡಿ ತೂರಲೆಂದು ಆಳ ಹೆಚ್ಚು, ಬಾಗಿಲು ಉಕ್ಕಿನದು, ತೆರೆಯಲು ಗುಂಡಿ ಒತ್ತಿದರೆ ಸಾಕು. ಎರಡು ಸಾವಿರದ ಒಂದರ ಮೇ ತಿಂಗಳಲ್ಲಿ ಮೊದಲ ದೋಣಿ ನಮ್ಮ ಬೀದಿಯೊಳಗೆ ಬಂತು. ಅದನ್ನು ನಡೆಸಿದವನು ಕ್ಲಿಫರ್ಡ್. ಮೇಲಿನ ತೊಟ್ಟಿಯ ಬಳಿ ಗುಂಪಿನ ಹಿಂದೆ ನಿಂತಿದ್ದ ವಿಲ್ಫ್‌ನನ್ನು ಕಂಡು, "ಹತ್ತೋ ಮುದಿಯಾ, ಟೀ ಇದೆ" ಎಂದು ಕೂಗಿದ. ವಿಲ್ಫ್ ಹತ್ತಿದ.

ಈಗ ವಾರಕ್ಕೆ ನಾನು ಸುಲಿಸುವುದು ಹನ್ನೊಂದು ಮೂಟೆ. ಸುಲಿಯಲು ಇಬ್ಬರು ಹೆಂಗಸರನ್ನು ಇಟ್ಟುಕೊಂಡಿದ್ದೇನೆ. ಬಣ್ಣದ ಕಾರ್ಖಾನೆಯಿದ್ದ ಕಡೆ ದೋಣಿ ರಿಪೇರಿ ನಡೆಯುತ್ತದೆ, ಹಾಳು ಬಿದ್ದ ಗಿರಣಿಯಲ್ಲಿ ಮನೆಗಳಾಗಿವೆ, ದೀಪ ಉರಿಯುತ್ತದೆ. ಬಾಡಿಗೆಯೂ ಏರಿತು ಅನ್ನಿ. ಒಂದು ಕಾಫಿಗೆ ಎರಡು ಪೌಂಡು ಕೇಳುವ ಪುಣ್ಯಾತ್ಮರೂ ಬಂದು ಸೇರಿಕೊಂಡರು. ಆದರೂ ಬೆಳಗ್ಗೆ ಬಾಗಿಲು ತೆಗೆದಾಗ ನೀರಿನ ಬೆಳಕು ನನ್ನ ಮಾಡಿನ ಮೇಲೆ ಕುಣಿಯುವುದನ್ನು ನೋಡಿ, ದೇವರೇ, ಇದನ್ನು ಉಳಿಸಿದವರನ್ನು ಚೆನ್ನಾಗಿಡು ಎಂದುಕೊಳ್ಳದ ದಿನವಿಲ್ಲ.

ಒಂದೇ ಒಂದು ನನಗೆ ಅರ್ಥವಾಗಿರಲಿಲ್ಲ. ವಿಲ್ಫ್ ದಿನಾ ಬೆಳಗ್ಗೆ ಬಂದು ಕೂರುತ್ತಿದ್ದ. ತಾನು ಉಳಿಸಿದ ಎರಡರ ಹತ್ತಿರ ಅಲ್ಲ, ಕೆಳಗಿನ ಕಾಂಕ್ರೀಟಿನದರ ಹತ್ತಿರ. ಮೊದಲ ದೋಣಿ ಬಂದ ಬೇಸಿಗೆಯಲ್ಲಿ ಒಂದು ದಿನ ಟೀ ತೆಗೆದುಕೊಂಡು ಹೋಗಿ ಪಕ್ಕದಲ್ಲಿ ಕೂತೆ.

"ಅಲ್ವೋ, ಅಷ್ಟು ಚಂದದ ಹಳೇ ತೊಟ್ಟಿ ಬಿಟ್ಟು ಈ ಸಿಮೆಂಟ್ ಡಬ್ಬಿ ಮುಂದೆ ಯಾಕೆ ಕೂರ್ತೀಯಾ?"

ಟೀ ಲೋಟ ಕೆಳಗಿಟ್ಟ. ಆಮೇಲೆ ಹೇಳಿದ. "ಇದನ್ನೇ ಮೊದ್ಲು ಒಡೆದಿದ್ದು. ಪುರಸಭೆ ಇನ್‌ಸ್ಪೆಕ್ಟರು ಮೂರು ದಿನ ಇಲ್ಲೇ ಕೊಡೆ ಹಿಡ್ಕೊಂಡು ನಿಂತಿದ್ದ. ಆಮೇಲೆ ಇವ್ರು ಸರಿಯಾಗಿ ಮಾಡ್ತಾರೆ ಅಂತ ನಂಬಿಕೆ ಬಂದು ಬರೋದು ಬಿಟ್ಟ. ಇದನ್ನ ಒಡೆದಿದ್ದಕ್ಕೇ ಅವೆರಡು ಉಳಿದಿದ್ದು." ಎದುರಿಗಿದ್ದ, ತಾನು ಹುಟ್ಟಿದ ಮನೆಯತ್ತ ಗಲ್ಲ ಎತ್ತಿ ತೋರಿಸಿದ. "ಅಪ್ಪ ಆ ಕಿಟಕೀಲಿ ಕೂತಿದ್ದ. ಮೂರು ದಿನಾನೂ ನೋಡ್ತಿದ್ದ."

"ಏನಂದ?"

"ಏನೂ ಅನ್ನಲಿಲ್ಲ. ಆಮೇಲೆ ನನ್ನ ಜೊತೆ ಮಾತೇ ಆಡಲಿಲ್ಲ. ಮೇಲಿನೆರಡರ ವಿಷಯ ಹೇಳೋಣ ಅಂತ ಬಾಯಿ ತುದಿಗೆ ಬರೋದು. ಅಪ್ಪನ ಬಾಯಿ ದೊಡ್ಡದು, ಕುಡಿದ್ರೆ ಊರಿಗೆಲ್ಲ ಸಾರ್ತಾನೆ ಅಂತ ಸುಮ್ಮನಾದೆ. ಸ್ವಲ್ಪ ದಿನ ಕಳೀಲಿ, ಹೇಳಿದ್ರಾಯ್ತು ಅಂದ್ಕೊಂಡೆ. ಮರುವರ್ಷ ಜನವರೀಲಿ ಹೋಗ್ಬಿಟ್ಟ. ಮಗ ಮೂರನ್ನೂ ಒಡೆದ ಅಂತಲೇ ತಿಳ್ಕೊಂಡು ಹೋದ, ಎನಿಡ್."

ಅವನ ಕೈ ಹಿಡಿದುಕೊಂಡೆ. ಇಷ್ಟು ವರ್ಷದಲ್ಲಿ ಬೈದದ್ದೇ ಆಗಿತ್ತು, ಹೇಳಬೇಕಾದ್ದನ್ನು ಒಮ್ಮೆಯೂ ಹೇಳಿರಲಿಲ್ಲ. "ನನ್ನ ಅಂಗಡಿ, ನನ್ನ ಬೀದಿ, ಎಲ್ಲ ನಿನ್ನಿಂದ ಉಳೀತು ವಿಲ್ಫ್. ನಿನ್ನ ಉಪಕಾರ ನಾನು ಮರೆಯಲ್ಲ" ಅಂದೆ. ಅವನು ತಲೆಯಾಡಿಸಿದ.

ಅಷ್ಟರಲ್ಲಿ ಮೇಲಿನಿಂದ ಒಂದು ದೋಣಿ ಇಳಿದು ಬಂತು. ನಡೆಸುತ್ತಿದ್ದ ಹೆಂಗಸು ದೂರದವಳು, "ಯಜಮಾನ್ರೇ, ಇವು ಬಹಳ ಹಳೇವಾ?" ಎಂದು ಕೇಳಿದಳು. ವಿಲ್ಫ್ ಎದ್ದು ನಿಂತ. ಮುಖ ಮಾಡಿದ್ದು ಮಾತ್ರ ಅವಳ ಕಡೆಗಲ್ಲ, ಆ ಕಿಟಕಿಯ ಕಡೆಗೆ.

"ಇದೊಂದು ಹೊಸದು" ಎಂದು ಗಟ್ಟಿಯಾಗಿ ಹೇಳಿದ. "ಮೇಲಿನ ಎರಡು ಹಾಗೇ ಇವೆ. ಒಂದು ಕಲ್ಲೂ ಒಡೆದಿಲ್ಲ."

ಆಮೇಲೆ ಗುಂಡಿ ಒತ್ತಿ ಅವಳಿಗೆ ಬಾಗಿಲು ತೆಗೆದುಕೊಟ್ಟ.